ಸೊಪ್ಪಿನ ಶಿವನಂಜಮ್ಮನೂ ತೃಪ್ತಿಯ ಐದು ಚೌಕಗಳೂ

"ಅಲ್ಲ ಮೇಷ್ಟ್ರೆ, ಮಾತ್ರೆ ನುಂಗ್ದೆ, ಏನೂ ಆಗ್ನಿಲ್ಲ. ನುಂಗ್ದೆ ಇದ್ದಿದ್ರೂ ಏನೂ ಆಗ್ತಿರ್ನಿಲ್ವೇನೋ. ಆಗ್ದೆ ಇದ್ದದ್ದು ಮಾತ್ರೆಯಿಂದ್ಲೇ ಆಗ್ನಿಲ್ಲ ಅಂತ ಎಂಗ್ ತಿಳ್ಕಳಾದು?"

೧೯೭೪ರ ಏಪ್ರಿಲ್ ತಿಂಗಳಲ್ಲಿ, ಮಂಡ್ಯದ ಡಾಕ್ಟರ್ ಪಾರ್ಥಸಾರಥಿಯವರ ಚಿಕಿತ್ಸಾಲಯದ ಜಗಲಿಯ ಮೇಲೆ, ಕೊತ್ತತ್ತಿಯ ಸೊಪ್ಪಿನ ಶಿವನಂಜಮ್ಮ ನನ್ನನ್ನು ಹೀಗೆ ಕೇಳಿದಳು. ನಾನು ಇಪ್ಪತ್ತು ವರ್ಷದಿಂದ ವಿಜ್ಞಾನದ ಪುಸ್ತಕಗಳನ್ನು ಓದುತ್ತ ಬಂದವನು. ಯಾರು ಏನು ಹೇಳಿದರೂ ಮೊದಲು ಸಾಕ್ಷಿ ಕೇಳುವುದು ನನ್ನ ಹೆಮ್ಮೆಯ ದುರಭ್ಯಾಸ. ಆ ದಿನ ಸಾಕ್ಷಿ ಕೇಳಿದವಳು ಅವಳು. ನಾನು ಕೈಯಲ್ಲಿದ್ದ ಪ್ರಶ್ನೆಗಳ ನಮೂನೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದೆ.

ಶಿವನಂಜಮ್ಮನಿಗೆ ಆಗ ಐವತ್ತೈದರ ಆಸುಪಾಸು. ಊರಿನಲ್ಲಿ ನಾಲೆಯ ಮಗ್ಗುಲಿಗೆ ಹತ್ತು ಗುಂಟೆ ಜಮೀನು; ಅದರಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ, ಕೀರೆ. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಅವಳು ಬೆಳಗಿನ ಮೊದಲ ಬಸ್ಸಿನ ಮೇಲೆ ಸೊಪ್ಪು ತುಂಬಿದ ಮಂಕ್ರಿ ಏರಿಸಿಕೊಂಡು ಮಂಡ್ಯಕ್ಕೆ ಬಂದು, ಮಾರುಕಟ್ಟೆಯ ಬಾಗಿಲಿನ ಎಡಗಡೆ ಹೊಂಗೆ ಮರದ ಕೆಳಗೆ ಕುಕ್ಕರುಗಾಲಿನಲ್ಲಿ ಕೂತಳು. ಆ ಜಾಗಕ್ಕೆ ಚೀಟಿಯಿಲ್ಲ, ರಸೀದಿಯಿಲ್ಲ. ಕೂತವರದು ಜಾಗ; ಹದಿನೈದು ದಿನ ಖಾಲಿ ಬಿಟ್ಟರೆ ಪಕ್ಕದವರದು. ಪಕ್ಕದಲ್ಲಿ ಈರುಳ್ಳಿ ಮಾರುವ ಹೊಳಲಿನ ಪಟ್ಟಲಮ್ಮ ತನ್ನ ಗೋಣಿತಾಟನ್ನು ದಿನಕ್ಕೆ ಒಂದು ಬೆರಳಿನಷ್ಟು ಎಡಕ್ಕೆ ಸರಿಸುತ್ತಿದ್ದಳು. ಶಿವನಂಜಮ್ಮ ಸಂಜೆ ಎದ್ದು ಹೋಗುವಾಗ ಕಾಲಿನಿಂದ ಅದನ್ನು ಒಂದು ಬೆರಳಿನಷ್ಟು ಬಲಕ್ಕೆ ತಳ್ಳುತ್ತಿದ್ದಳು. ಇದರಲ್ಲಿ ದ್ವೇಷವೇನೂ ಇರಲಿಲ್ಲ. ಎರಡು ರಾಜ್ಯಗಳ ನಡುವೆ ನಡೆಯುವುದು ಇಷ್ಟೇ.

ಅವಳ ಮಾತು ಮೊಂಡು. ಅಧಿಕಾರಿಗಳ ಹೆಂಡಂದಿರು ದಂಟಿನ ಕಡ್ಡಿಯನ್ನು ಉಗುರಿನಿಂದ ಚಿವುಟಿ ಎಳೆಯದೋ ಬಲಿತದ್ದೋ ಎಂದು ಪರೀಕ್ಷಿಸಿದರೆ, "ಅಷ್ಟು ಜಿಗುಟ್ಬೇಡಿ ಕಣಮ್ಮ, ಮನೇಲಿ ಯಜಮಾನ್ರನ್ನೂ ಇಂಗೇ ಜಿಗುಟಿ ನೋಡಿ ಮದ್ವೆ ಆದ್ರಾ?" ಎನ್ನುತ್ತಿದ್ದಳು. ಆದರೂ ಜನ ಅವಳಲ್ಲಿಗೇ ಬರುತ್ತಿದ್ದರು. ಬೈಯಿಸಿಕೊಂಡು ತಂದ ಸೊಪ್ಪು ತಾಜಾ ಎಂಬ ನಂಬಿಕೆ ನಮ್ಮ ಪೇಟೆಯಲ್ಲಿತ್ತು.

೧೯೭೪ರ ಜನವರಿಯಲ್ಲಿ ಅವಳ ಎಡಗಾಲು ಮೀನಖಂಡದಿಂದ ತೊಡೆಯವರೆಗೆ ಊದಿಕೊಂಡಿತು. ವಾರ ಬಿಟ್ಟು, ನಡೆಯಲಾಗದ ಮೇಲೆ, ಸೊಸೆ ಚಲುವಮ್ಮ ಅವಳನ್ನು ಪಾರ್ಥಸಾರಥಿಯವರಲ್ಲಿಗೆ ಕರೆತಂದಳು.

ಪಾರ್ಥಸಾರಥಿಯವರು ವಿಲಾಯಿತಿಯಲ್ಲಿ ನಾಲ್ಕು ವರ್ಷವಿದ್ದು, ಒಂದು ಸ್ಟಾಪ್‌ವಾಚು, ಮೊಲದ ಮಿದುಳಿನಿಂದ ಮಾಡಿದ ಪುಡಿಯ ಕೆಲವು ಸೀಸೆಗಳು ಮತ್ತು ಒಂದು ಸಂಶೋಧನೆಯ ಆಸೆಯನ್ನು ಹೊತ್ತು ಊರಿಗೆ ಮರಳಿದ್ದರು. ರೋಗಿಯ ರಕ್ತವನ್ನು ಆ ಪುಡಿಯೊಡನೆ ಬೆರೆಸಿ, ಅದು ಗಟ್ಟಿಯಾಗಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಅಳೆಯುವುದು ಅವರ ಪರೀಕ್ಷೆ. ಆರೋಗ್ಯವಂತರದು ಹದಿಮೂರು. ಔಷಧಿ ತೆಗೆದುಕೊಳ್ಳುವವರದು ಅದರ ಎರಡರಷ್ಟಿರಬೇಕು. ಕಡಿಮೆಯಾದರೆ ಹೆಪ್ಪು ಬೆಳೆಯುತ್ತದೆ; ಹೆಚ್ಚಾದರೆ ವಸಡಿನಲ್ಲಿ, ಮೂಗಿನಲ್ಲಿ ರಕ್ತ ಒಸರುತ್ತದೆ.

"ಹಾಲು ಹೆಪ್ಪಾಗುತ್ತಲ್ಲ, ಹಾಗೆ ನಿನ್ನ ಕಾಲಿನೊಳಗೆ ರಕ್ತ ಹೆಪ್ಪುಗಟ್ಟಿದೆ" ಎಂದು ಡಾಕ್ಟರು ವಿವರಿಸಿದರು.

"ಮೊಸರಾದ್ದ ಮತ್ತೆ ಆಲು ಮಾಡಕಾಯ್ತದಾ ಸ್ವಾಮಿ?"

"ಇಲ್ಲ. ಆದದ್ದು ನಿಧಾನವಾಗಿ ತಾನೇ ಕರಗಬೇಕು. ಇನ್ನಷ್ಟು ಆಗದ ಹಾಗೆ, ಆದದ್ದು ಜಾರಿ ಎದೆಗೆ ಹೋಗದ ಹಾಗೆ ರಕ್ತವನ್ನು ತೆಳು ಮಾಡ್ತೀನಿ."

"ಉಟ್ಟಿದಾಗ್ಲಿಂದ ರಾಗಿ ತಿಂದು ಗಟ್ಟಿ ಮಾಡ್ಕಂಡಿರೋ ನೆತ್ರು ಕಣಪ್ಪ. ಅದ ನೀರು ಮಾಡಕೆ ದುಡ್ಡು ಬೇರೆ ಕೊಡ್ಬೇಕಾ? ಓಗ್ಲಿ, ಎದೆಗೆ ಓದ್ರೆ ಏನಾಯ್ತದೆ?"

"ಹೋಗಬಾರದು" ಎಂದರು ಡಾಕ್ಟರು. ಅಷ್ಟು ಚಿಕ್ಕ ವಾಕ್ಯವನ್ನು ಅವರು ಆಡಿದ್ದನ್ನು ನಾನು ಮೊದಲ ಬಾರಿಗೆ ಕೇಳಿದ್ದು. ಅವಳಿಗೂ ಅರ್ಥವಾಯಿತೆಂದು ಕಾಣುತ್ತದೆ. ಹತ್ತು ದಿನ ಒಳರೋಗಿಯಾಗಿರಲು ಒಪ್ಪಿ, ಸೊಸೆಗೆ ಹೇಳಿದ್ದು ಒಂದೇ ಮಾತು: "ನಾಳಿಂದ ಜಾಗದಲ್ಲಿ ನೀ ಕುಂತ್ಕ. ಆ ಪಟ್ಟಲಮ್ಮನ ತಾಟಿನ ಮ್ಯಾಲೆ ಒಂದ್ ಕಣ್ಣಿರ್ಲಿ."

ನನಗೆ ಅಲ್ಲೇನು ಕೆಲಸವಿತ್ತೆಂದು ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಡಾಕ್ಟರು ತಮಗೆ ಬರುವ ವೈದ್ಯಪತ್ರಿಕೆಗಳನ್ನು ನನಗೆ ಓದಲು ಕೊಡುತ್ತಿದ್ದರು. ಪ್ರತಿಯಾಗಿ ನಾನು ಅವರ ಸಂಶೋಧನೆಯ ನಮೂನೆಯನ್ನು ಕನ್ನಡಕ್ಕೆ ತಂದು, ರೋಗಿಗಳಿಂದ ತುಂಬಿಸಿ, ಸರಾಸರಿ ತೆಗೆದುಕೊಡಬೇಕು. ಹೆಪ್ಪು ತಡೆಯುವ ಔಷಧಿಗಳು ಅವರಲ್ಲಿ ಮೂರಿದ್ದವು. ಮೊದಲ ದಿನಗಳಿಗೆ ಹೆಪಾರಿನ್ ಎಂಬ ಚುಚ್ಚುಮದ್ದು, ದಿನಕ್ಕೆ ನಾಲ್ಕು ಬಾರಿ ನರಕ್ಕೆ. ಆಮೇಲೆ ಕೆಲವರಿಗೆ ವಾರ್ಫರಿನ್ ಮಾತ್ರೆ, ಕೆಲವರಿಗೆ ಫೆನಿಂಡಿಯೋನ್ ಮಾತ್ರೆ. ಇವುಗಳಲ್ಲಿ ಯಾವುದರಿಂದ ರೋಗಿಗೆ ಹೆಚ್ಚು ತೃಪ್ತಿ ಎಂಬುದು ಸಂಶೋಧನೆಯ ವಿಷಯ. ಉತ್ತರಕ್ಕೆ ಐದು ಚೌಕಗಳು: ಅತ್ಯಂತ ತೃಪ್ತಿ, ತೃಪ್ತಿ, ಹೇಳಲಾರೆ, ಅತೃಪ್ತಿ, ಅತ್ಯಂತ ಅತೃಪ್ತಿ.

ವಿಲಾಯಿತಿಯ ರೋಗಿ ಈ ಪ್ರಶ್ನೆಯನ್ನು ಹೇಗೆ ಕೇಳಿಸಿಕೊಳ್ಳುತ್ತಾನೋ ನಾನರಿಯೆ. ನಮ್ಮ ಜಿಲ್ಲೆಯಲ್ಲಿ ತೃಪ್ತಿಯಾಯಿತೇ ಎಂದು ಕೇಳುವವನು ಊಟಕ್ಕೆ ಕರೆದವನು, ಆಯಿತು ಎನ್ನುವವನು ಉಂಡವನು. ಸಾರಿಗೆ ಉಪ್ಪು ಹೆಚ್ಚಿತ್ತು ಎಂದು ಎಲೆಯ ಮುಂದೆ ಯಾರೂ ಹೇಳುವುದಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಹೇಳುತ್ತಾರೆ. ಹೀಗಾಗಿ ರೋಗಿಗಳೆಲ್ಲ ನಮೂನೆಯನ್ನು ನೋಡದೆ ಡಾಕ್ಟರ ಮುಖ ನೋಡಿ, "ಅವ್ರಿಗೆ ಯಾವ್ದು ಬೇಕೋ ಅದ್ರಲ್ಲೇ ಆಕ್ಕಳಿ" ಎನ್ನುತ್ತಿದ್ದರು. ಮೊದಲ ಮೂವತ್ತು ನಮೂನೆಗಳ ಸರಾಸರಿ ಐದಕ್ಕೆ ನಾಲ್ಕು ದಶಾಂಶ ಮೂರು ಬಂತು. ಡಾಕ್ಟರು ಆ ದಶಾಂಶದ ಬಗ್ಗೆ ವಿಶೇಷವಾಗಿ ಸಂತೋಷಪಟ್ಟರು.

ಮನಸ್ಸಿಟ್ಟು ಉತ್ತರ ಕೊಟ್ಟವರೂ ಇದ್ದರು. ಮದ್ದೂರಿನ ಅನಂತರಾಮು ನಿವೃತ್ತ ಶಿರಸ್ತೇದಾರರು. ಅವರಿಗೆ ಚುಚ್ಚುಮದ್ದಿನಲ್ಲಿ ಅತ್ಯಂತ ತೃಪ್ತಿ. "ನೋಡಿ ಸ್ವಾಮಿ, ನೋವಾಗದ ಔಷಧಿಯನ್ನು ಔಷಧಿ ಅಂತ ಹೇಗೆ ಕರೆಯೋದು?" ಎಂದು, ತೋಳಿನ ನೀಲಿ ಕಲೆಗಳನ್ನು ಭೇಟಿಗೆ ಬಂದವರಿಗೆ ಪದಕಗಳಂತೆ ತೋರಿಸುತ್ತಿದ್ದರು. ಹನ್ನೊಂದನೆಯ ದಿನ ಅವರನ್ನು ಮಾತ್ರೆಗೆ ಬದಲಾಯಿಸಿದಾಗ, ಗೆಜೆಟೆಡ್ ಹುದ್ದೆಯಿಂದ ಗುಮಾಸ್ತಗಿರಿಗೆ ಇಳಿಸಿದಂತೆ ಮುಖ ಮಾಡಿಕೊಂಡು ನಮೂನೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದು ಟಿಪ್ಪಣಿ ಬರೆದರು.

ಮಳವಳ್ಳಿಯ ಚಿಕ್ಕಬೋರಯ್ಯ ಸಿಕ್ಕಿದ್ದು ಫೆನಿಂಡಿಯೋನಿಗೆ. ಅದು ಮೂತ್ರಕ್ಕೆ ಕೆಂಪು ಬಣ್ಣ ಹತ್ತಿಸುತ್ತದೆ. ಅದರಿಂದ ಹಾನಿಯಿಲ್ಲ, ಲಾಭವೂ ಇಲ್ಲ. ಮೊದಲ ದಿನ ಅವನು ಸತ್ತೇ ಹೋದೆನೆಂದು ಮಳವಳ್ಳಿಯಿಂದ ಓಡಿ ಬಂದ. ಎರಡನೆಯ ವಾರ ಜಗಲಿಯ ಮೇಲೆ ಕೂತು ಉಳಿದವರಿಗೆ ಬೋಧಿಸುತ್ತಿದ್ದ: "ಒಳಗಿರೋ ಕೆಟ್ಟ ನೆತ್ರೆಲ್ಲ ಕಿತ್ಕ ಓಯ್ತಾ ಅದೆ ಕಣ್ರಪ್ಪ. ಕಣ್ಣಾರೆ ನೋಡಿವ್ನಿ. ನಿಮ್ಗೇನ್ ಕಾಣ್ತದೆ, ಮಣ್ಣು!" ಅವನದೂ ಅತ್ಯಂತ ತೃಪ್ತಿ. ಸುಳ್ಳು ಸಾಕ್ಷಿಯಾದರೂ ಸರಿ, ಸಾಕ್ಷಿಯೆಂಬುದು ಮನುಷ್ಯನಿಗೆ ಎಷ್ಟು ನೆಮ್ಮದಿ ಕೊಡುತ್ತದೆಂಬುದನ್ನು ನಾನು ಅವನಿಂದ ಕಲಿತೆ.

ಶಿವನಂಜಮ್ಮನ ಪಾಲಿಗೆ ಬಂದದ್ದು ವಾರ್ಫರಿನ್. ಅದರಿಂದ ನೋವಿಲ್ಲ, ಬಣ್ಣವಿಲ್ಲ, ರುಚಿಯೂ ಇಲ್ಲ. ಅದು ಕೆಲಸ ಮಾಡಿದ್ದರ ಗುರುತೆಂದರೆ ಏನೂ ಆಗದಿರುವುದು. ಅವಳು ಪ್ರಾಮಾಣಿಕಳಾಗಿದ್ದರಿಂದ, ನಾನು ಈ ಬರಹದ ಮೊದಲಿಗೆ ಬರೆದ ಪ್ರಶ್ನೆಯನ್ನು ಕೇಳಿದಳು. ನಾನು ನಮೂನೆ ಮಡಿಸುತ್ತಿದ್ದಾಗ ಅದನ್ನು ತಡೆದು, ನಡುವಿನ ಚೌಕದ ಮೇಲೆ ಬೆರಳಿಟ್ಟು, "ಇಲ್ಲೇನು ಬರ್ದದೆ?" ಎಂದಳು.

"ಹೇಳಲಾರೆ ಅಂತ."

"ಊ, ಅಲ್ಲೇ ಆಕಿ."

"ಹೇಳಲಾರೆ ಅನ್ನೋದು ಉತ್ತರವೇ ಅಲ್ಲ" ಎಂದು ಡಾಕ್ಟರು ಆ ಸಂಜೆ ನನ್ನ ಮೇಲೆ ರೇಗಿದರು. ಹಾಗಾದರೆ ಅದಕ್ಕೊಂದು ಚೌಕವನ್ನೇಕೆ ಹಾಕಿದಿರಿ ಎಂದು ನಾನು ಕೇಳಲಿಲ್ಲ. ಆ ತಿಂಗಳ ವೈದ್ಯಪತ್ರಿಕೆ ಇನ್ನೂ ನನ್ನ ಕೈಗೆ ಬಂದಿರಲಿಲ್ಲ.

ತೃಪ್ತಿಯ ಕಥೆ ಹೀಗಿರಲಿ, ಅವಳ ರಕ್ತದ ಕಥೆ ಡಾಕ್ಟರ ನಿದ್ದೆ ಕೆಡಿಸಿತ್ತು. ಫೆಬ್ರವರಿಯಲ್ಲಿ ಅವಳು ಮತ್ತೆ ಹೊಂಗೆ ಮರದ ಕೆಳಗೆ ಹೋಗಿ ಕೂತಳು; ಅಂದಿನಿಂದ ಜುಲೈವರೆಗೆ ಹದಿನೈದು ದಿನಕ್ಕೊಮ್ಮೆ ಪರೀಕ್ಷೆ. ಒಮ್ಮೆ ಮೂವತ್ತೆಂಟು ಸೆಕೆಂಡು, ಮುಂದಿನ ಸಲ ಹದಿನಾರು, ಮತ್ತೊಮ್ಮೆ ನಲವತ್ತೊಂದು, ಆಮೇಲೆ ಹತ್ತೊಂಬತ್ತು. ಮಾತ್ರೆ ಹೆಚ್ಚಿಸಿದರೆ ವಸಡಿನಲ್ಲಿ ರಕ್ತ ಒಸರುವ ಭಯ. ಇಳಿಸಿದರೆ ಕಾಲು ಊದಿಕೊಳ್ಳುವ ಭಯ. ನಾನು ಗ್ರಾಫ್ ಹಾಳೆಯ ಮೇಲೆ ಚುಕ್ಕೆಗಳನ್ನಿಟ್ಟು ಗೆರೆ ಎಳೆದು, ಅದರಲ್ಲಿ ಯಾವ ನಿಯಮವೂ ಇಲ್ಲವೆಂದು ಗಣಿತದ ಸಕಲ ಗಾಂಭೀರ್ಯದಿಂದ ವರದಿ ಕೊಟ್ಟೆ.

ಆಗಸ್ಟ್ ಮೊದಲ ವಾರ ಡಾಕ್ಟರು ಅವಳನ್ನು ಎದುರಿಗೆ ಕೂರಿಸಿಕೊಂಡರು.

"ಏನು ಊಟ ಮಾಡ್ತೀಯ?"

"ಮುದ್ದೆ, ಉಪ್ಸಾರು."

"ಉಪ್ಸಾರಿಗೆ?"

"ಬ್ಯಾಳೆ, ಸೊಪ್ಪು."

"ಯಾವ ಸೊಪ್ಪು? ಎಷ್ಟು?"

"ಯಾವ್ದು ಮಾರ್ನಿಲ್ವೋ ಅದು. ಎಷ್ಟು ಮಾರ್ನಿಲ್ವೋ ಅಷ್ಟು."

ನಾನು ನಕ್ಕೆ. ಡಾಕ್ಟರು ಆ ಹೊತ್ತಿಗಾಗಲೇ 'ಸೊಪ್ಪು' ಎಂಬ ಮಾತು ಹಿಡಿದು ಮೇಜು ಗುದ್ದಿ ಎದ್ದಿದ್ದರಿಂದ, ತಾವೇ ಕೇಳಿದ್ದರ ಉತ್ತರವನ್ನು ಕೇಳಿಸಿಕೊಳ್ಳಲಿಲ್ಲ. ಹಸಿರು ಸೊಪ್ಪಿನಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಒಂದು ಜೀವಸತ್ತ್ವವಿದೆ, ಅದು ಮಾತ್ರೆಯ ಕೆಲಸವನ್ನು ಕೆಡಿಸುತ್ತದೆ ಎಂಬುದನ್ನು ಅವರು ಪುಸ್ತಕ ತೆರೆದು ನನಗೆ ತೋರಿಸಿದರು. ಅಪರಾಧಿ ಸಿಕ್ಕಿಬಿದ್ದಿತ್ತು. ಇಂದಿನಿಂದ ಸೊಪ್ಪು ಪೂರ್ಣ ನಿಷೇಧ ಎಂದರು.

ಶಿವನಂಜಮ್ಮ ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. ಆಮೇಲೆ ಹೇಳಿದಳು: "ಸೊಪ್ಪು ಮಾರೋಳೇ ಸೊಪ್ಪ ಮುಟ್ಟಾಕಿಲ್ಲ ಅಂತ ಪ್ಯಾಟೇಲಿ ಗೊತ್ತಾದ್ರೆ ನನ್ ಮಂಕ್ರಿ ಕಡೀಕೆ ಯಾರ್ ಬತ್ತಾರೆ ಸ್ವಾಮಿ? ಪಟ್ಟಲಮ್ಮ ಡಂಗುರ ಹೊಡೀತಾಳೆ. ನಿಮ್ಮನೆ ಅಮ್ಮಾವ್ರಿಗೂ ಯೋಳ್ಬ್ಯಾಡಿ."

"ಹೇಳೋಲ್ಲ. ಆದರೆ ಒಂದು ಮಾತು ಕೇಳಿಕೊ. ಇನ್ನು ಮೂರು ಪರೀಕ್ಷೆ ನೋಡ್ತೀನಿ. ಮೂರೂ ಸರಿ ಬಂದರೆ ಮಾರುಕಟ್ಟೆಗೆ ಹೋಗ್ತಾ ಇರಬಹುದು; ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕು. ಬರದಿದ್ದರೆ ಮಾತ್ರೆ ನಿಲ್ಲಿಸ್ತೀನಿ. ಮಾತ್ರೆ ಇಲ್ಲದೆ ನೀನು ದಿನವೆಲ್ಲ ಕುಕ್ಕರುಗಾಲಿನಲ್ಲಿ ಕೂರೋದಕ್ಕೆ ನಾನು ಒಪ್ಪೋದಿಲ್ಲ. ಮನೆಯಲ್ಲಿ ಕಾಲು ಮೇಲಿಟ್ಟುಕೊಂಡು ಮಲಗಬೇಕು."

"ಸೊಸೆ ಒಲ ಬುಟ್ಟು ದಿನಾ ಬರಕಾಗಾಕಿಲ್ಲ. ಮನ್ಗಿದ್ರೆ ಜಾಗ ಓಯ್ತದೆ."

"ಕೂತರೆ ನೀನೇ ಹೋಗ್ತೀಯ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಬಾಗಿಲಲ್ಲಿ ತಿರುಗಿ, "ಮೂರಾ?" ಎಂದಳು.

"ಮೂರು."

ಮೊದಲನೆಯದು ಇಪ್ಪತ್ತೇಳು. ಡಾಕ್ಟರು ಕಾಲು ಮಾತ್ರೆ ಇಳಿಸಿದರು. ಎರಡನೆಯದು ಇಪ್ಪತ್ತಾರು. ಮೂರನೆಯ ಪರೀಕ್ಷೆಯ ದಿನ ನಾನೂ ಹೋಗಿದ್ದೆ. ಗಾಜಿನ ಕೊಳವೆಯನ್ನು ಬೆಚ್ಚನೆಯ ನೀರಿನಲ್ಲಿ ಹಿಡಿದು ಡಾಕ್ಟರು ಓರೆ ಮಾಡುತ್ತ, ನೆಟ್ಟಗೆ ಮಾಡುತ್ತ ನೋಡುತ್ತಿದ್ದರೆ, ಶಿವನಂಜಮ್ಮ ಸ್ಟಾಪ್‌ವಾಚಿನ ಮುಳ್ಳನ್ನೇ ನೋಡುತ್ತಿದ್ದಳು. ಅವಳಿಗೆ ಅಂಕಿ ಓದಲು ಬಾರದು. ಆದರೆ ಯಾವ ಗೆರೆಯ ಹತ್ತಿರ ಮುಳ್ಳು ನಿಂತರೆ ಹೊಂಗೆ ಮರ ತನ್ನದಾಗಿ ಉಳಿಯುತ್ತದೆಂದು ತಿಳಿದುಕೊಂಡಿದ್ದಳು. ಮುಳ್ಳು ಇಪ್ಪತ್ತಾರಕ್ಕೆ ನಿಂತಿತು. "ಅಲ್ಲೇ ನಿಂತ್ಕತು ನೋಡಿ, ಕಳ್ಳ ನನ್ಮಗಂದು" ಎಂದಳು.

ಅಂದಿನಿಂದ ಅವಳು ಪಾರ್ಥಸಾರಥಿಯವರ ಆದರ್ಶ ರೋಗಿ. ಹದಿನೈದು ದಿನದ ಪರೀಕ್ಷೆ ತಿಂಗಳಿಗೊಮ್ಮೆಯಾಯಿತು. ಇಪ್ಪತ್ತೈದು, ಇಪ್ಪತ್ತೇಳು, ಇಪ್ಪತ್ತಾರು. ನನ್ನ ಗ್ರಾಫಿನ ಗೆರೆ ನಾಲೆಯ ನೀರಿನಂತೆ ಸಮತಟ್ಟಾಗಿ ಹರಿಯತೊಡಗಿತು. ನಮೂನೆಗೆ ಒಂದು ಹೊಸ ಪ್ರಶ್ನೆ ಸೇರಿತು: 'ಈ ತಿಂಗಳು ಸೊಪ್ಪು ತಿಂದಿದ್ದೀರಾ?' ಅದನ್ನು ಕೇಳುವ ಹೊಣೆ ನನ್ನದು.

"ಏನಮ್ಮ ಶಿವನಂಜಮ್ಮ, ಸೊಪ್ಪು ತಿಂದೆಯಾ?"

"ನನ್ ಮಂಕ್ರೀಲಿ ಸೊಪ್ಪು ಉಳ್ದಿರಾದ ಎಂದಾರ ನೋಡಿದ್ದೀರಾ ಮೇಷ್ಟ್ರೆ?"

ನಾನು ನೋಡಿರಲಿಲ್ಲ. 'ಇಲ್ಲ' ಎಂದು ಬರೆದುಕೊಂಡೆ. ಪ್ರತಿ ತಿಂಗಳೂ ಅದೇ ಪ್ರಶ್ನೆ, ಹೆಚ್ಚುಕಡಿಮೆ ಅದೇ ಉತ್ತರ, ಅದೇ 'ಇಲ್ಲ'. ದೇವರಿಗೂ ಸಾಕ್ಷಿ ಕೇಳುತ್ತಿದ್ದ ನಾನು, ಪ್ರಶ್ನೆಗೆ ಪ್ರಶ್ನೆಯೇ ಉತ್ತರವಾಗಿ ಬಂದದ್ದನ್ನು ಐವತ್ತು ಬಾರಿ ಗಮನಿಸಲಿಲ್ಲ.

ತೃಪ್ತಿಯ ಸಾಲಿಗೆ ಮಾತ್ರ ಅವಳು ಕಡೆಯವರೆಗೂ ನಡುವಿನ ಚೌಕವನ್ನೇ ತೋರಿಸಿದಳು.

ಪಾರ್ಥಸಾರಥಿಯವರು ಮೈಸೂರಿನಲ್ಲಿ ನಡೆದ ಒಂದು ವೈದ್ಯರ ಸಭೆಯಲ್ಲಿ ಪ್ರಬಂಧ ಓದಿದರು. 'ಸೊಪ್ಪಿನ ಪೂರ್ಣ ವರ್ಜನೆಯಿಂದ ರಕ್ತದ ಸ್ಥಿರತೆ' ಎಂಬುದು ಅದರ ತಿರುಳು. ಆಧಾರ, ಹೆಸರು ಹೇಳದ ಒಬ್ಬ ಗ್ರಾಮೀಣ ಮಹಿಳೆ. ಚಪ್ಪಾಳೆಯ ಹುರುಪಿನಲ್ಲಿ ಹಿಂದಿರುಗಿ ತಮ್ಮ ಎಲ್ಲ ರೋಗಿಗಳಿಗೂ ಸೊಪ್ಪನ್ನು ನಿಷೇಧಿಸಿದರು.

ಈ ಆಜ್ಞೆಯನ್ನು ಅಕ್ಷರಶಃ ಪಾಲಿಸಿದವರು ಅನಂತರಾಮು. ಸರ್ಕಾರದ ಸುತ್ತೋಲೆಯನ್ನು ಮೂವತ್ತು ವರ್ಷ ಪಾಲಿಸಿದ ಕೈ ಅದು. ಮದ್ದೂರಿನ ಅವರ ಮನೆಯಲ್ಲಿ ಸೊಪ್ಪು ಹೊಸಿಲು ದಾಟಲಿಲ್ಲ. ಹೆಂಡತಿ ಚೂಡಾಮಣಿಯವರು ಒಗ್ಗರಣೆಗೆ ಕರಿಬೇವು ಹಾಕುವುದನ್ನೂ ಬಿಟ್ಟರು. ಆದರೆ ಅವರ ರಕ್ತ ಮಾತ್ರ ಸುತ್ತೋಲೆ ಓದಿದಂತೆ ಕಾಣಲಿಲ್ಲ. ನೆಂಟರ ಮದುವೆಯಲ್ಲಿ ಅರಿಯದೆ ಒಂದು ಹಿಡಿ ಕೋಸಿನ ಪಲ್ಯ ತಿಂದರೆ ಹದಿನೈದಕ್ಕೆ ಇಳಿಯುವುದು; ಎರಡು ದಿನ ಜ್ವರ ಬಂದು ಗಂಜಿ ಕುಡಿದರೆ ನಲವತ್ತೈದಕ್ಕೆ ಏರಿ ಮೂಗಿನಲ್ಲಿ ರಕ್ತ. ಮಾತ್ರೆಯ ಪ್ರಮಾಣವನ್ನು ಎಷ್ಟು ಬಾರಿ ಬದಲಾಯಿಸಿದರೂ ನಿಲ್ಲಲಿಲ್ಲ.

"ನೀವು ಕದ್ದು ಸೊಪ್ಪು ತಿಂತಿದ್ದೀರಿ" ಎಂದರು ಡಾಕ್ಟರು.

"ಡಾಕ್ಟರೇ, ಮೂವತ್ತು ವರ್ಷ ಸರ್ವೀಸಿನಲ್ಲಿ ಒಂದು ಬಾಳೆಹಣ್ಣು ಪರರದ್ದು ಮುಟ್ಟಿದವನಲ್ಲ ನಾನು!"

"ಬಾಳೆಹಣ್ಣಿಗೆ ನನ್ನದೇನೂ ಅಡ್ಡಿಯಿಲ್ಲ. ಆ ಸೊಪ್ಪಿನವಳನ್ನು ನೋಡಿ ಕಲಿಯಿರಿ. ದಿನವೂ ಎದುರಿಗೆ ಒಂದು ಮಂಕ್ರಿ ಸೊಪ್ಪಿಟ್ಟುಕೊಂಡು ಒಂದೆಲೆ ಬಾಯಿಗೆ ಹಾಕೋದಿಲ್ಲ. ಅದು ಸಂಯಮ."

ಡಾಕ್ಟರು ಶಿರಸ್ತೇದಾರರಿಗೆ 'ನೀವು' ಎಂದು ಬಹುವಚನ ಕೊಟ್ಟರು, ನಂಬಿಕೆ ಕೊಡಲಿಲ್ಲ. ಶಿವನಂಜಮ್ಮನಿಗೆ ನಂಬಿಕೆ ಕೊಟ್ಟರು, ಬಹುವಚನ ಕೊಡಲಿಲ್ಲ. ಅನಂತರಾಮು ಆ ದಿನ ಕಡೆಯ ಚೌಕದಲ್ಲಿ ಗುರುತು ಹಾಕಿ, ಅಂಚಿನಲ್ಲಿ 'ವಿವರಣೆ ಪ್ರತ್ಯೇಕವಾಗಿ ಲಗತ್ತಿಸಿದೆ' ಎಂದು ಬರೆದು, ನಾಲ್ಕು ಪುಟ ಲಗತ್ತಿಸಿದರು. ಅದನ್ನು ಓದಿದವನು ನಾನೊಬ್ಬನೇ. ಸತ್ಯವಂತನೊಬ್ಬನ ಸಂಕಟ ಅದರಲ್ಲಿತ್ತು. ನಾನು ನಂಬಲಿಲ್ಲ, ಗ್ರಾಫ್ ಬೇರೆ ಹೇಳುತ್ತಿತ್ತು.

ಇತ್ತ ಹೊಂಗೆ ಮರದ ಕೆಳಗೆ ಶಿವನಂಜಮ್ಮ ಕೂತೇ ಇದ್ದಳು. ಅರ್ಧ ಗಂಟೆಗೊಮ್ಮೆ ಎದ್ದು ಸೋಡಾ ಅಂಗಡಿಯವರೆಗೆ ಹೋಗಿ ಬರುವಾಗ ಪಟ್ಟಲಮ್ಮ, "ಏನಮ್ಮಿ, ಗಸ್ತು ತಿರುಗ್ತಿದ್ದೀಯಾ?" ಎಂದು ಕೆಣಕಿದರೆ, "ಊ ಕಣೆ, ನಿನ್ ತಾಟು ಎಲ್ಲೀಗಂಟ ಬಂತು ಅಂತ ಅಳ್ಕ ಬತ್ತೀನಿ" ಎನ್ನುತ್ತಿದ್ದಳು. ಕಾಲಿನ ಊತ ಇಳಿದಿತ್ತು. ಎದೆಗೆ ಏನೂ ಹೋಗಲಿಲ್ಲ. ಏನೂ ಆಗಲಿಲ್ಲ.

೧೯೭೮ರ ಡಿಸೆಂಬರ್‌ನಲ್ಲಿ ಅವಳು ನ್ಯುಮೋನಿಯಾದಿಂದ ತೀರಿಕೊಂಡಳು. ನಾಲ್ಕು ದಿನದ ಜ್ವರ. ಮೂರನೆಯ ದಿನದವರೆಗೂ ಮಾರುಕಟ್ಟೆಗೆ ಬಂದಿದ್ದಳು. ಹೆಪ್ಪಿಗೂ ಸಾವಿಗೂ ಸಂಬಂಧವಿಲ್ಲವೆಂದು ಡಾಕ್ಟರು ಎರಡೆರಡು ಬಾರಿ ಹೇಳಿದರು. ಪ್ರಬಂಧದ ಎರಡನೆಯ ಭಾಗ ಅಚ್ಚಿಗೆ ಹೋಗುವುದರಲ್ಲಿತ್ತು.

ತಿಂಗಳು ಕಳೆದ ಮೇಲೆ ಒಂದು ಭಾನುವಾರ ನಾನು ಕೊತ್ತತ್ತಿಗೆ ಹೋದೆ. ಉಳಿದ ಮಾತ್ರೆಗಳನ್ನು ವಾಪಸು ತರಬೇಕೆಂದು ಡಾಕ್ಟರು ಹೇಳಿದ್ದು ಒಂದು ನೆಪ. ಚಲುವಮ್ಮ ಊಟಕ್ಕೆ ಕೂರಿಸಿದಳು. ಮುದ್ದೆಯ ಪಕ್ಕದಲ್ಲಿ ಬೇಯಿಸಿದ ದಂಟಿನ ಸೊಪ್ಪು, ಬಟ್ಟಲಲ್ಲಿ ಉಪ್ಸಾರು. ನಿಮ್ಮತ್ತೆಗೆ ಈ ಮನೆಯಲ್ಲಿ ಇದನ್ನು ತಿನ್ನದೆ ಇರುವುದು ಕಷ್ಟವಾಗಿರಬೇಕಲ್ಲ ಎಂದೆ.

ಅವಳು ಸೌಟು ಹಿಡಿದು ನಿಂತಳು. "ತಿನ್ದೆ ಇರಾದಾ? ಯಾರು, ನಮ್ಮತ್ತೆಯಾ?"

ಆಮೇಲೆ ಅವಳೇ ಹೇಳಿದಳು. "ಮುಂಚೆ ಏನಂದ್ರೆ ಮೇಷ್ಟ್ರೆ, ಯಾಪಾರ ಇಲ್ದಿದ್ ದಿಸ ಆರು ಕಟ್ಟು, ಏಳು ಕಟ್ಟು ಉಳೀತಿತ್ತು. ಬಿಸಾಕಕೆ ಮನ್ಸು ಬರದು, ಅಷ್ಟನ್ನೂ ಬೇಯ್ಸಿ ತಿಂದ್ಬುಡೋರು. ಎಲ್ಲಾ ಮಾರಿದ್ ದಿಸ ಬರೀ ಬ್ಯಾಳೆ ಸಾರು. ಡಾಕ್ಟ್ರು ಬ್ಯಾಡ ಅಂದ್ಮೇಲೆ ಮಿಕ್ಕಿದ್ನೆಲ್ಲ ಎಮ್ಮೆಗೆ ಆಕಕೆ ಸುರು ಮಾಡುದ್ರು. ಆದ್ರೆ ಬರೀ ಮಂಕ್ರಿ ಮನೆಗ್ ತರಬಾರ್ದು ಅಂತ ನಮ್ಮಲ್ಲಿ ಒಂದ್ ಪದ್ಧತಿ. ಅದ್ಕೆ ಬೆಳಿಗ್ಗೇನೆ ಒಂದ್ ಕಟ್ಟು ದಂಟು ತೆಗ್ದು ತಳದಲ್ಲಿ ಇಕ್ಕೋರು. ಯಾರ್ ಕೇಳುದ್ರೂ ಮಾರ್ತಿರ್ನಿಲ್ಲ. ಒಂದೇ ಕಟ್ಟು, ಅದ್ರಿಂದ ಏನಾದದು ಅನ್ನೋರು."

ಹಳೆಯ ಗ್ರಾಫಿನ ಆ ಏರಿಳಿತ ನನ್ನ ಕಣ್ಣ ಮುಂದೆ ಬಂತು. ಆರು ತಿಂಗಳು ನಾನು ಗೆರೆ ಎಳೆದದ್ದು ಅವಳ ರಕ್ತಕ್ಕಲ್ಲ, ಮಂಡ್ಯದ ಸೊಪ್ಪಿನ ವ್ಯಾಪಾರಕ್ಕೆ. ಆಮೇಲೆ ಡಾಕ್ಟರು ಕಾಲು ಮಾತ್ರೆ ಇಳಿಸಿ ಸರಿಪಡಿಸಿದ್ದು, ತಮಗೆ ತಿಳಿಯದೆ, ಆ ಒಂದು ಕಟ್ಟಿಗೆ ಸರಿಯಾಗಿ. ಒಂದೆಲೆಯನ್ನೂ ಮುಟ್ಟದ ಅನಂತರಾಮುವಿನ ರಕ್ತಕ್ಕೆ ಒಂದು ಹಿಡಿ ಕೋಸು ಭೂಕಂಪವಾದರೆ, ಇವಳ ರಕ್ತಕ್ಕೆ ದಿನದ ಕಟ್ಟು ದಿನದ ಅಭ್ಯಾಸವಾಗಿತ್ತು.

"ದಿನಾ ತಿನ್ನುತ್ತಿದ್ದಳೇ?" ಎಂದು ಕೇಳಿದೆ.

ಚಲುವಮ್ಮ ಗೋಡೆಯ ಮೊಳೆಗೆ ತೂಗುಹಾಕಿದ್ದ ಒಂದು ಬಾಳೆನಾರನ್ನು ತೆಗೆದು ನನ್ನ ಎಲೆಯ ಪಕ್ಕದಲ್ಲಿಟ್ಟಳು. ಎರಡು ತುದಿಗೂ ಗಂಟು ಹಾಕಿತ್ತು. ಅತ್ತೆ ಮನೆಗೆಂದು ತೆಗೆದಿಡುತ್ತಿದ್ದ ಕಟ್ಟಿನ ಅಳತೆ ಅದು. ಅದರಲ್ಲಿ ಹಿಡಿಯುವಷ್ಟೇ ಕಟ್ಟು, ಒಂದು ಕಡ್ಡಿ ಹೆಚ್ಚಲ್ಲ, ಒಂದು ಕಡ್ಡಿ ಕಡಿಮೆಯಲ್ಲ. ಡಾಕ್ಟರು ನಿಷೇಧಿಸಿದ ದಿನದಿಂದ ಜ್ವರ ಬಂದು ಮಲಗಿದ ದಿನದವರೆಗೆ, ನಾಲ್ಕು ವರ್ಷ ನಾಲ್ಕು ತಿಂಗಳು, ಸಂಜೆ ಅದನ್ನು ಬೇಯಿಸಿ ತಿಂದು, ಕೈ ತೊಳೆದು, ಆ ಮೇಲೆ ಶಿವನಂಜಮ್ಮ ಮಾತ್ರೆ ನುಂಗುತ್ತಿದ್ದಳು.